ಗಣಿತದಲ್ಲಿ ಮೂರು ಸಲ ಫೇಲ್ ಆದವನು ಎಂಜಿನ್ ಅಡ್ಡ ತಿರುಗಿಸಿದ ಕತೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಎಲ್ಲಿಯ ಗ್ಯಾರೇಜಿಗಾದರೂ ಹೋಗಿ, ಹಳೇ ಮಾರುತಿ 800ರ ಬಾನೆಟ್ ಎತ್ತಿ ನೋಡಿ. ಎಂಜಿನ್ ಅಡ್ಡ ಕೂತಿದೆ. ಪಕ್ಕದಲ್ಲೇ ಗೇರ್‌ಬಾಕ್ಸ್, ಅಲ್ಲಿಂದ ಮುಂದಿನ ಎರಡು ಚಕ್ರಕ್ಕೆ ಒಂದೊಂದು ಡ್ರೈವ್ ಶಾಫ್ಟ್. ಇದಕ್ಕೆ ದೊಡ್ಡ ಎಂಜಿನ್ ಕೂರಿಸೋ ಕನಸು ನಿಮಗಿದ್ದರೆ, ಮೊದಲು ಅಲೆಕ್ ಇಸಿಗೋನಿಸ್ ಅನ್ನೋ ಮನುಷ್ಯನ ಕತೆ ಕೇಳಿ.

ಅವರು ಹುಟ್ಟಿದ್ದು 1906ರಲ್ಲಿ, ಸ್ಮಿರ್ನಾದಲ್ಲಿ. ಅಂದ್ರೆ ಈಗಿನ ಟರ್ಕಿಯ ಇಜ್ಮಿರ್. ಅಪ್ಪ ಗ್ರೀಕ್ ಮೂಲದವರು, ಅಮ್ಮ ಜರ್ಮನ್ ಮೂಲದವರು. 1922ರಲ್ಲಿ ಗ್ರೀಸ್–ಟರ್ಕಿ ಯುದ್ಧ ಊರಿನೊಳಕ್ಕೇ ಬಂದಾಗ, ಅಪ್ಪನಿಗೆ ಬ್ರಿಟಿಷ್ ಪೌರತ್ವ ಇದ್ದಿದ್ದರಿಂದ ಕುಟುಂಬಕ್ಕೆ ಹಡಗಿನಲ್ಲಿ ಜಾಗ ಸಿಕ್ತು. ಅಂಥ ಕಾಗದ ಇಲ್ಲದ ಸಾವಿರಾರು ಜನ ದಡದಲ್ಲೇ ಉಳಿದರು. ಮಾಲ್ಟಾ ತಲುಪಿದ ಮೇಲೆ ಅಪ್ಪ ತೀರಿಕೊಂಡರು. ಅಮ್ಮ, ಮಗ ಇಂಗ್ಲೆಂಡ್ ಸೇರಿದರು.

ಬ್ಯಾಟರ್ಸಿ ಪಾಲಿಟೆಕ್ನಿಕ್‌ನಲ್ಲಿ ಹುಡುಗ ಗಣಿತದಲ್ಲಿ ಮೂರು ಸಲ ಫೇಲ್. ಎಂ-3 ಪೇಪರ್ ಬಾಕಿ ಉಳಿಸಿಕೊಂಡು ಒದ್ದಾಡಿದ ನನ್ನಂಥವರಿಗೆ ಇದೊಂದು ಸಮಾಧಾನ. ಆದರೆ ಅವರಿಗೆ ಡ್ರಾಯಿಂಗ್ ಚೆನ್ನಾಗಿ ಬರ್ತಿತ್ತು. 1936ರಲ್ಲಿ ಮಾರಿಸ್ ಕಂಪನಿ ಸೇರಿದರು, 1948ರಲ್ಲಿ ಮಾರಿಸ್ ಮೈನರ್ ಕೊಟ್ಟರು.

1956ರ ಸೂಯೆಜ್ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಕಡಿಮೆ ಪೆಟ್ರೋಲ್ ಕುಡಿಯುವ ಪುಟ್ಟ ಕಾರು ಬೇಕಾಯ್ತು. ಇಸಿಗೋನಿಸ್ ಎಂಜಿನ್ನನ್ನು ಅಡ್ಡ ತಿರುಗಿಸಿ, ಗೇರ್‌ಬಾಕ್ಸನ್ನು ಅದರ ಹೊಟ್ಟೆ ಕೆಳಗೇ ತೂರಿಸಿದರು. ಎರಡಕ್ಕೂ ಒಂದೇ ಆಯಿಲ್. ಹತ್ತು ಅಡಿ ಉದ್ದದ ಕಾರಿನಲ್ಲಿ ನಾಲ್ಕು ಜನ ಕೂರಬಹುದಾಯ್ತು. ಅದೇ 1959ರ ಮಿನಿ, 848 ಸಿಸಿ. ಎಂಜಿನ್ ಅಡ್ಡ ಇಟ್ಟವರಲ್ಲಿ ಇವರೇ ಮೊದಲಿಗರಲ್ಲ. ಆದರೆ ಅದನ್ನು ಜಗತ್ತಿಗೆ ಒಗ್ಗಿಸಿದ್ದು ಮಿನಿ. ಮುಂದೆ ಬೇರೆಯವರು ಗೇರ್‌ಬಾಕ್ಸನ್ನು ಪಕ್ಕಕ್ಕೆ ಸರಿಸಿದರು. ನಮ್ಮ ಮಾರುತಿಯದ್ದು ಆ ಜೋಡಣೆ.

ರೇಸ್ ಕಾರು ಕಟ್ಟುತ್ತಿದ್ದ ಜಾನ್ ಕೂಪರ್ 1961ರಲ್ಲಿ ಮಿನಿಗೆ 997 ಸಿಸಿ ಎಂಜಿನ್ ಹಾಕಿಸಿದರು. ಗಮನಿಸಿ: ಎಂಜಿನ್ ಅದೇ ವಂಶದ್ದು. ಜೊತೆಗೆ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಬಂತು, ಗೇರ್ ಅನುಪಾತವೂ ಬದಲಾಯ್ತು. 1964ರಲ್ಲಿ ಮಿನಿ ಮಾಂಟೆ ಕಾರ್ಲೊ ರ‍್ಯಾಲಿಯನ್ನೇ ಗೆದ್ದಿತು.

ನಮಗಿರೋ ಪಾಠವೂ ಇದೇ. ಪವರ್ ಲೆಕ್ಕ ಆಮೇಲೆ, ಮೊದಲು ಅಳತೆ ಟೇಪು ಹಿಡೀರಿ. ಬಾನೆಟ್ ಒಳಗೆ ಜಾಗ ಎಷ್ಟಿದೆ, ಮೌಂಟಿಂಗ್ ಎಲ್ಲಿ ಕೂರುತ್ತೆ, ಶಾಫ್ಟ್ ಉದ್ದ ಸಾಲುತ್ತಾ, ರೇಡಿಯೇಟರ್, ಬ್ರೇಕ್, ವೈರಿಂಗ್ ತಡೆಯುತ್ತಾ? ಆಮೇಲೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ. ಎಂಜಿನ್ ಇಳಿಸೋ ಮುಂಚೆಯೇ ಮಧುಗಿರಿ ಆರ್‌ಟಿಒದಲ್ಲಿ ಕೇಳಿ. ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ಒಂದು, ಗಾಡಿಯಲ್ಲಿರುವುದು ಇನ್ನೊಂದು ಆದರೆ ತೊಂದರೆ ನಿಮಗೇ.

1969ರಲ್ಲಿ ಸರ್ ಪದವಿ ಪಡೆದ ಇಸಿಗೋನಿಸ್ 1988ರಲ್ಲಿ ತೀರಿಕೊಂಡರು. ಗಾಡಿಯ ಕಾಗದ ಕೇಳೋದು ಸರಿ. ಮನುಷ್ಯರಿಗೂ ಕಾಗದ ಕೇಳಿ ಹಡಗು ಹತ್ತಿಸಿದ ಆ ದಿನ, ದಡದಲ್ಲಿ ಉಳಿದವರಲ್ಲಿ ಇನ್ನೆಷ್ಟು ಇಸಿಗೋನಿಸ್‌ಗಳಿದ್ದರೋ.