ಹಸೂರಚಂಪುವಿನ ವಿಮಾನ ಶಿಲ್ಪಿ ಡಾ. ವಿ. ಎಂ. ಘಾಟಗೆ

ಖಂಡೇರಾಜುರಿಯ ಹೊಲಗಳ ಮೇಲೆ ವಿಮಾನವೊಂದು ಹಾದುಹೋದರೆ ನಮ್ಮ ಮಕ್ಕಳು ಇಂದಿಗೂ ಆಟ ನಿಲ್ಲಿಸಿ ತಲೆಯೆತ್ತುತ್ತಾರೆ. ಭಾರತದಲ್ಲಿಯೇ ರೂಪಿಸಿ, ಸಾಲುಸಾಲಾಗಿ ತಯಾರಿಸಿದ ಮೊದಲ ವಿಮಾನದ ಶಿಲ್ಪಿ ನಮ್ಮ ನೆರೆಯ ಕೊಲ್ಲಾಪುರ ಜಿಲ್ಲೆಯವರೆಂಬುದು ಅವರಲ್ಲಿ ಬಹುಮಂದಿಗೆ ತಿಳಿಯದು. ಪಾಲಕರಲ್ಲಿಯೂ ಕೆಲವರಿಗೆ ಮಾತ್ರ ತಿಳಿದೀತು.

ವಿಷ್ಣು ಮಾಧವ ಘಾಟಗೆಯವರು 1908ರ ಅಕ್ಟೋಬರ್ 24ರಂದು ಗಡಹಿಂಗ್ಲಜದ ಹತ್ತಿರದ ಹಸೂರಚಂಪು ಎಂಬ ಹಳ್ಳಿಯಲ್ಲಿ ಜನಿಸಿದರು. ಸಂಕೇಶ್ವರದಿಂದ ಆ ಕಡೆಗೆ ಹೋಗಿಬಂದವರಿಗೆ ಗೊತ್ತು, ಅದು ಕನ್ನಡ ಮರಾಠಿಗಳೆರಡೂ ಕೇಳಿಬರುವ ಸೀಮೆ, ನಮ್ಮ ಸೀಮೆಯಂತೆಯೇ.

ಇಲ್ಲಿಯ ಓದು ಮುಗಿಸಿ ಘಾಟಗೆಯವರು ಜರ್ಮನಿಯ ಗಾಟಿಂಗೆನ್ ನಗರಕ್ಕೆ ಹೋದರು. ಅಲ್ಲಿ ಲುಡ್ವಿಗ್ ಪ್ರಾಂಟ್ಲ್ ಎಂಬ ಮಹಾ ವಿಜ್ಞಾನಿ ಇದ್ದರು. ಕಾಲುವೆಯ ನೀರನ್ನು ನೋಡಿರಿ. ನಡುವೆ ಅದು ರಭಸದಿಂದ ಓಡುತ್ತದೆ, ದಂಡೆಗೆ ತಾಗಿದಲ್ಲಿ ತಡೆಯುತ್ತದೆ. ಹರಿಯುವ ಗಾಳಿ, ನೀರುಗಳ ಎಳೆತದ ಗುಟ್ಟು ಗೋಡೆಗೆ ತಾಗಿದ ಆ ತೆಳು ಪದರಿನಲ್ಲಿದೆ ಎಂದು ಪ್ರಾಂಟ್ಲ್ 1904ರಲ್ಲಿ ತೋರಿಸಿಕೊಟ್ಟರು. ಸುಳಿಗಳಿಂದ ತುಂಬಿ ಕದಡಿದ ಹರಿವನ್ನು ಲೆಕ್ಕಕ್ಕೆ ತರುವ ಒಂದು ಅಂದಾಜನ್ನೂ 1925ರಲ್ಲಿ ಕೊಟ್ಟರು. ಅವರ ಶಿಷ್ಯರಾಗಿ ಘಾಟಗೆಯವರು 1936ರಲ್ಲಿ ಡಾಕ್ಟರೇಟ್ ಪಡೆದರು.

1940ರಲ್ಲಿ ಉದ್ಯಮಿ ವಾಲಚಂದ ಹಿರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರಖಾನೆ ತೆರೆದರು. (ಸಾಂಗಲಿಯ ವಾಲಚಂದ ಇಂಜಿನಿಯರಿಂಗ್ ಕಾಲೇಜಿಗೆ ಇರುವುದು ಇವರ ಹೆಸರೇ.) ಘಾಟಗೆಯವರು ಆ ಕಾರಖಾನೆಯನ್ನು ಸೇರಿ, ಹತ್ತು ಆಸನಗಳ ಎಂಜಿನಿಲ್ಲದ ಗ್ಲೈಡರ್ ರೂಪಿಸಿದರು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಶಾಸ್ತ್ರದ ವಿಭಾಗ ಆರಂಭವಾದಾಗ ಅದರ ಹೊಣೆ ಅವರ ಮೇಲೆ ಬಿತ್ತು. ಸ್ವಾತಂತ್ರ್ಯಾನಂತರ ಮತ್ತೆ ಕಾರಖಾನೆಗೆ ಮರಳಿದರು. 1951ರ ಆಗಸ್ಟಿನಲ್ಲಿ ಅವರ ತಂಡದ ಎಚ್.ಟಿ.-2 ವಿಮಾನ ಬಾನಿಗೇರಿತು. ಎರಡೇ ಆಸನ, ಲೋಹದ ಮೈ. ಇಂಥ ನೂರೈವತ್ತಕ್ಕೂ ಹೆಚ್ಚು ವಿಮಾನಗಳು ತಯಾರಾಗಿ, ವಾಯುಸೇನೆಯ ಎಷ್ಟೋ ತರುಣರು ಇದರಲ್ಲಿಯೇ ಹಾರಾಟ ಕಲಿತರು. ಮುಂದೆ ಪುಷ್ಪಕ, ಕೃಷಕಗಳು ಬಂದವು. 1964ರಲ್ಲಿ ಜೆಟ್ ತರಬೇತಿ ವಿಮಾನ ಕಿರಣ ಹಾರಿತು. 1965ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಇಷ್ಟು ಹೇಳಿ ನಿಲ್ಲಿಸಿದರೆ ಕಥೆ ಅರ್ಧವಾಗುತ್ತದೆ. ಎಚ್.ಟಿ.-2ರ ಎಂಜಿನು ಬ್ರಿಟನ್ನಿನದು, ಪುಷ್ಪಕದ್ದು ಅಮೇರಿಕೆಯದು, ಕಿರಣದ್ದು ಮತ್ತೆ ಬ್ರಿಟನ್ನಿನದು. ಮೈ ನಮ್ಮದು, ಎದೆ ಪರರದು. ಜರ್ಮನ್ ಶಿಲ್ಪಿ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ರೂಪಿಸಿದ ಮಾರುತ ಯುದ್ಧವಿಮಾನವೂ 1961ರಲ್ಲಿ ಹಾರಿತಾದರೂ, ತಕ್ಕ ಎಂಜಿನು ಸಿಗದೆ ಎಣಿಸಿದ ವೇಗ ಮುಟ್ಟಲಿಲ್ಲ. ಅರವತ್ತರ ದಶಕದಲ್ಲಿ ಕಾರಖಾನೆಯವರು ತಾವೇ ಒಂದು ಜೆಟ್ ಎಂಜಿನು ಕಟ್ಟಿ ಓಡಿಸಿ ನೋಡಿದರು. ಅದು ತಯಾರಿಕೆಯವರೆಗೆ ಬರಲಿಲ್ಲ.

ಎಂಜಿನು ಅಷ್ಟು ಕಠಿಣವೇಕೆ? ಇಂದಿನ ಜೆಟ್ ಎಂಜಿನಿನಲ್ಲಿ ಉರಿದ ಅನಿಲದ ಉಷ್ಣತೆ 1500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದರ ಎದುರು ತಿರುಗುವ ಟರ್ಬೈನ್ ಅಲಗುಗಳು ನಿಕ್ಕಲ್ ಮಿಶ್ರಲೋಹದವು. ಆ ಲೋಹವೇ 1400 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಆದ್ದರಿಂದ ಅಲಗಿನ ಒಳಗೆ ಕೆಲವೇ ಮಿಲಿಮೀಟರ್ ಅಗಲದ, ಹಾವಿನಂತೆ ಹೊರಳುವ ದಾರಿಗಳನ್ನು ಬಿಟ್ಟು, ಅವುಗಳಲ್ಲಿ ಗಾಳಿ ಹಾಯಿಸಿ ತಂಪಿಡುತ್ತಾರೆ. ತಂಪೆಂದರೆ ನಮ್ಮ ಮಾವಿನ ನೆರಳಿನ ತಂಪಲ್ಲ, ಆ ಗಾಳಿಯೂ ಹಲವು ನೂರು ಡಿಗ್ರಿ ಕಾದದ್ದೇ! ಗಾಳಿ ಕದಡಿ ಸುಳಿ ಎದ್ದರೆ ಹೆಚ್ಚು ಶಾಖ ಒಯ್ಯುತ್ತದೆ. ಅದಕ್ಕೆಂದೇ ಒಳಗೋಡೆಗೆ ಸಣ್ಣ ಏಣುಗಳನ್ನು ಇಡುತ್ತಾರೆ.

ಇನ್ನೊಂದು ತೊಡಕಿದೆ. ಅಲಗು ನಿಮಿಷಕ್ಕೆ ಹತ್ತು ಸಾವಿರ ಸುತ್ತಿಗೂ ಮಿಕ್ಕಿ ತಿರುಗುವುದುಂಟು. ಜಾತ್ರೆಯಲ್ಲಿ ತಿರುಗುವ ಚಕ್ರದ ಮೇಲೆ ನಡುವಿನಿಂದ ಅಂಚಿಗೆ ನಡೆಯಹೋದವನನ್ನು ಯಾರೋ ಪಕ್ಕಕ್ಕೆ ನೂಕಿದಂತಾಗುತ್ತದಲ್ಲವೆ? ಫ್ರೆಂಚ್ ಪಂಡಿತ ಕೊರಿಯೊಲಿಸನ ಹೆಸರು ಹೊತ್ತ ಈ ಬಲ ಅಲಗಿನೊಳಗಿನ ಗಾಳಿಯನ್ನೂ ಒಂದು ಗೋಡೆಯ ಕಡೆಗೆ ನೂಕುತ್ತದೆ. ಗಾಳಿ ಹೊರಮುಖವಾಗಿ ಹರಿಯುವಾಗ ಹಿಂದಿನ ಗೋಡೆಯ ಬಳಿ ಸುಳಿಗಳು ಕೆರಳುತ್ತವೆ, ಮುಂದಿನ ಗೋಡೆಯ ಬಳಿ ಅಡಗುತ್ತವೆ. ದಾರಿ ಹೊರಳಿ ಒಳಮುಖವಾದೊಡನೆ ಇದು ಅದಲುಬದಲಾಗುತ್ತದೆ. ಸುಳಿ ಅಡಗಿದಲ್ಲಿ ಲೋಹ ಹೆಚ್ಚು ಕಾದು, ಅಲಗಿನ ಆಯುಷ್ಯ ಕುಗ್ಗುತ್ತದೆ.

ಅಷ್ಟು ವೇಗದಲ್ಲಿ ಸುತ್ತುವ ಕಿರಿದಾರಿಯೊಳಗೆ ಅಳತೆಯ ಸಾಧನ ಇಡುವುದು ಬಲು ಕಷ್ಟ. ಆದ್ದರಿಂದ ಇಂಜಿನಿಯರರು ಆ ದಾರಿಯನ್ನು ಗಣಕಯಂತ್ರದಲ್ಲಿ ಲಕ್ಷಾಂತರ ಸಣ್ಣ ಕೋಣೆಗಳಾಗಿ ಒಡೆದು, ಒಂದೊಂದರಲ್ಲಿಯೂ ಗಾಳಿಯ ವೇಗ, ಒತ್ತಡ, ಉಷ್ಣತೆಗಳನ್ನು ಲೆಕ್ಕಹಾಕುತ್ತಾರೆ. ಎಲ್ಲ ಸುಳಿಗಳನ್ನೂ ಲೆಕ್ಕಿಸಲು ದೊಡ್ಡ ಗಣಕಗಳಿಗೂ ಆಗದು. ದೊಡ್ಡವನ್ನು ಲೆಕ್ಕಿಸಿ ಸಣ್ಣವನ್ನು ಅಂದಾಜಿಸುವುದುಂಟು, ಎಲ್ಲವನ್ನೂ ಅಂದಾಜಿಸುವುದೂ ಉಂಟು. ಸರಳ ಅಂದಾಜುಗಳಿಗೆ ತಿರುಗಾಟದ ಈ ಪಕ್ಷಪಾತ ಕಾಣಿಸುವುದೇ ಇಲ್ಲ, ಅವನ್ನು ತಿದ್ದಬೇಕಾಗುತ್ತದೆ. ಇವುಗಳ ಮೂಲ ಹುಡುಕುತ್ತ ಹೋದರೆ ಪ್ರಾಂಟ್ಲರ 1925ರ ಲೆಕ್ಕವೂ ಸಿಗುತ್ತದೆ. ಘಾಟಗೆಯವರು ಕಲಿತದ್ದು ಆ ಗುರುವಿನ ಬಳಿಯಲ್ಲಿ. ಗಣಕದ ಈ ಅನುಕೂಲ ಮಾತ್ರ ಅವರ ದುಡಿಮೆಯ ಕಾಲಕ್ಕೆ ಒದಗಲಿಲ್ಲ.

1989ರಲ್ಲಿ ಬೆಂಗಳೂರಿನಲ್ಲಿ ಕಾವೇರಿ ಎಂಬ ಸ್ವದೇಶಿ ಜೆಟ್ ಎಂಜಿನಿನ ಯೋಜನೆ ಆರಂಭವಾಯಿತು. ಎರಡು ವರ್ಷಗಳ ಬಳಿಕ, 1991ರ ಡಿಸೆಂಬರ್ 6ರಂದು, ಘಾಟಗೆಯವರು ತೀರಿಕೊಂಡರು. ಯಾವ ತೇಜಸ್ ವಿಮಾನಕ್ಕೆಂದು ಕಾವೇರಿಯನ್ನು ಕಟ್ಟತೊಡಗಿದರೋ ಆ ತೇಜಸ್ ಅಮೇರಿಕೆಯ ಎಂಜಿನಿನಿಂದ ಹಾರುತ್ತಿದೆ.

ಶಾಲೆಯ ಪ್ರವಾಸ ಬೆಂಗಳೂರಿಗೆ ಹೋದಾಗ ಎಚ್.ಎ.ಎಲ್. ವಸ್ತು ಸಂಗ್ರಹಾಲಯಕ್ಕೆ ತಪ್ಪದೆ ಹೋಗಬೇಕು. ಅಂಗಳದಲ್ಲಿ ನಿಂತ ಹಳೆಯ ವಿಮಾನಗಳಲ್ಲಿ ಘಾಟಗೆಯವರ ಕಿರಣವನ್ನು ಮಕ್ಕಳು ಹುಡುಕಿ ನೋಡಲಿ.