ಟುನ್ ಟುನ್ ಆಗುವ ಮೊದಲು

ಉಸ್ತಾದರಿಗೆ ಸಿನಿಮಾದವರ ಕಥೆ ಯಾಕೆ ಅಂತ ಕೆಲವರು ಕೇಳಬಹುದು. ಕಾರಣ ಒಂದು ಹೆಸರು. ನಾವು ಶಾಲೆಯಲ್ಲಿ ಓದುವಾಗ ಕ್ಲಾಸಿನಲ್ಲಿ ದಪ್ಪಗಿದ್ದ ಒಬ್ಬಳು ಹುಡುಗಿಯನ್ನು ಎಲ್ಲರೂ ಟುನ್ ಟುನ್ ಎಂದು ಕರೆಯುತ್ತಿದ್ದೆವು. ನಾನೂ ಕರೆದಿದ್ದೇನೆ. ಆ ಹೆಸರಿನ ಹಿಂದೆ ಎಂಥ ಹೆಂಗಸು ಇದ್ದರು ಎಂದು ಗೊತ್ತಾದದ್ದು ಬಹಳ ತಡವಾಗಿ.

ಅವರ ನಿಜವಾದ ಹೆಸರು ಉಮಾದೇವಿ. 1923ರಲ್ಲಿ ಉತ್ತರ ಪ್ರದೇಶದ ಅಮ್ರೋಹಾ ಹತ್ತಿರದ ಒಂದು ಹಳ್ಳಿಯಲ್ಲಿ ಜನನ. ತಂದೆ ತಾಯಿಯ ಮುಖವೇ ನೆನಪಿಲ್ಲದಷ್ಟು ಸಣ್ಣ ಪ್ರಾಯದಲ್ಲಿ ಅನಾಥರಾದರು. ಇದ್ದ ಒಬ್ಬ ಅಣ್ಣನೂ ಹೋದ. ಜಮೀನಿನ ಜಗಳದಲ್ಲಿ ಮನೆಯವರ ಕೊಲೆಯಾಯಿತು ಎಂದು ಮುಪ್ಪಿನಲ್ಲಿ ಅವರೇ ಹೇಳಿಕೊಂಡಿದ್ದರು. ಮತ್ತೆ ಸಂಬಂಧಿಕರ ಮನೆಯಲ್ಲಿ ಕೆಲಸದವಳಂತೆ ಬದುಕು. ಯತೀಮ್ ಮಕ್ಕಳ ಪಾಡು ಎಲ್ಲಾ ಊರಲ್ಲೂ ಒಂದೇ. ಹಾಡು ಯಾರೂ ಕಲಿಸಲಿಲ್ಲ, ರೇಡಿಯೋ ಕೇಳಿಯೇ ಬಂದದ್ದು.

ಇಪ್ಪತ್ತಮೂರರ ಪ್ರಾಯದಲ್ಲಿ ಯಾರಿಗೂ ಹೇಳದೆ ಬೊಂಬಾಯಿಗೆ ಹೊರಟರು. ನೇರ ಸಂಗೀತಗಾರ ನೌಶಾದ್ ಸಾಹೇಬರ ಮನೆ ಬಾಗಿಲಿಗೆ. ನನಗೆ ಹಾಡಲು ಬರುತ್ತದೆ, ಅವಕಾಶ ಕೊಡದಿದ್ದರೆ ಸಮುದ್ರಕ್ಕೆ ಹಾರುತ್ತೇನೆ ಎಂಬ ಹಟ. ನೌಶಾದ್ ಕೂತು ಕೇಳಿದರು. 1947ರ ‘ದರ್ದ್’ ಚಿತ್ರದಲ್ಲಿ ಶಕೀಲ್ ಬದಾಯೂನಿ ಬರೆದ ಹಾಡನ್ನು ಹಾಡಿಸಿದರು. ದೇಶವೇ ಗುನುಗಿತು. ಮರುವರ್ಷ ಮದ್ರಾಸಿನ ಜೆಮಿನಿಯವರ ‘ಚಂದ್ರಲೇಖಾ’ದಲ್ಲೂ ಹಾಡಿದರು. ಅಖ್ತರ್ ಅಬ್ಬಾಸ್ ಕಾಝಿ ಎಂಬವರೊಂದಿಗೆ ಮದುವೆಯಾಯಿತು, ನಾಲ್ಕು ಮಕ್ಕಳಾದರು.

ಅಷ್ಟರಲ್ಲಿ ಲತಾ ಮಂಗೇಶ್ಕರ್ ಬಂದರು. ಉಮಾದೇವಿಯ ಸ್ವರ ಹಳೇ ಕಾಲದ್ದು, ಮೇಲಕ್ಕೆ ಹೆಚ್ಚು ಏರುತ್ತಿರಲಿಲ್ಲ. ಹಾಡುವ ಕೆಲಸ ನಿಂತೇ ಹೋಯಿತು ಅನ್ನಿ. ಮನೆ ನಡೆಯಬೇಕಲ್ಲ? ನಟಿಸು, ನಿನ್ನ ಮಾತಿಗೇ ಜನ ನಗುತ್ತಾರೆ ಎಂಬ ಸಲಹೆ ಬಂದದ್ದೂ ನೌಶಾದ್‌ರಿಂದಲೇ. ಅವರಿಗೆ ಹಿಂಜರಿಕೆ. ಕೊನೆಗೆ, ದಿಲೀಪ್ ಕುಮಾರ್ ಜೊತೆಗಾದರೆ ಮಾತ್ರ ಎಂದರು. 1950ರ ‘ಬಾಬುಲ್’ನಲ್ಲಿ ಹಾಗೆಯೇ ಆಯಿತು. ಟುನ್ ಟುನ್ ಎಂಬ ಹೆಸರು ಅಂಟಿದ್ದೂ ಅಲ್ಲೇ.

ಮುಂದೆ ‘ಆರ್ ಪಾರ್’, ‘ಮಿಸ್ಟರ್ ಆಂಡ್ ಮಿಸೆಸ್ 55’, ‘ಪ್ಯಾಸಾ’ ಹೀಗೆ ನೂರಾರು. ಹಿಂದಿ ಸಿನಿಮಾದ ಮೊದಲ ಹಾಸ್ಯನಟಿ ಎಂದು ಅವರನ್ನೇ ಹೇಳುವುದು. ಆದರೆ ಕೊಡುತ್ತಿದ್ದ ಪಾತ್ರ ಹೆಚ್ಚಿನದ್ದು ದೇಹವನ್ನು ನೋಡಿ ನಗುವಂಥದ್ದೇ. ಅಡ್ಡಹೆಸರಿಟ್ಟು ಕರೆಯಬೇಡಿ ಎಂದು ಸೂರಃ ಹುಜುರಾತ್‌ನಲ್ಲಿ ಇರುವುದನ್ನು ಮಕ್ಕಳಿಗೆ ಪಾಠ ಮಾಡುವಾಗಲೆಲ್ಲ ನನಗೆ ಆ ಕ್ಲಾಸಿನ ಹುಡುಗಿಯೇ ನೆನಪಾಗುವುದು. ಟುನ್ ಟುನ್ ಮಾತ್ರ ಆ ಹೆಸರನ್ನೇ ಅನ್ನ ಮಾಡಿಕೊಂಡು ನಾಲ್ಕು ಮಕ್ಕಳನ್ನು ಸಾಕಿದರು.

1992ರಲ್ಲಿ ಗಂಡ ತೀರಿಹೋದರು. 2003ರ ನವೆಂಬರ್ 24ರಂದು ಮುಂಬೈಯಲ್ಲಿ ಅವರೂ ಹೋದರು. ‘ದರ್ದ್’ನ ಹಾಡು ಈಗಲೂ ರೇಡಿಯೋದಲ್ಲಿ ಬರುವುದುಂಟು. ಕೇಳುವವರಲ್ಲಿ ಹೆಚ್ಚಿನವರಿಗೆ ಅದು ಟುನ್ ಟುನ್ ಸ್ವರ ಎಂದು ಗೊತ್ತೇ ಇಲ್ಲ.