ನ್ಯಾಸಧರ್ಮವನ್ನು ಕಲಿಸಿದ ಅಮ್ಮೆಂಬಳ ಸುಬ್ಬರಾವ್ ಪೈಗಳು

ಭಕ್ತನು ಹುಂಡಿಯಲ್ಲಿ ಹಾಕಿದ ಕಾಸು ಆ ಕ್ಷಣದಿಂದ ಅವನದಲ್ಲ. ಅದನ್ನು ಎಣಿಸುವವನದೂ ಅಲ್ಲ. ಅದು ದೇವಸ್ವ. ಬಡವನು ನಂಬಿ ಒಪ್ಪಿಸಿದ ಉಳಿತಾಯವನ್ನೂ ಇದೇ ಭಾವದಿಂದ ಕಾಯಬೇಕೆಂಬ ಧರ್ಮಕ್ಕೆ ನಮ್ಮ ಕರಾವಳಿಯಲ್ಲಿ ರೂಪುಕೊಟ್ಟವರಲ್ಲಿ ಕೀರ್ತಿಶೇಷ ಅಮ್ಮೆಂಬಳ ಸುಬ್ಬರಾವ್ ಪೈಗಳು ಪ್ರಮುಖರು.

ಪೈಗಳು 1852ನೆಯ ಇಸವಿ ನವೆಂಬರ್ 19ರಂದು ಮುಲ್ಕಿಯಲ್ಲಿ ಜನಿಸಿದರು. ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ನಮ್ಮ ಕರಾವಳಿಯಲ್ಲಿ ಕಾಸರಗೋಡೂ ಮಂಗಳೂರೂ ಒಂದೇ ಜಿಲ್ಲೆಯ ಅಂಗಗಳಾಗಿದ್ದವು. ಮದರಾಸಿನಲ್ಲಿ ಉನ್ನತ ವಿದ್ಯೆಯನ್ನೂ ನ್ಯಾಯಶಾಸ್ತ್ರವನ್ನೂ ಅಭ್ಯಸಿಸಿ, ಮಂಗಳೂರಿಗೆ ಮರಳಿ ವಕೀಲಿ ವೃತ್ತಿಯನ್ನು ಕೈಗೊಂಡರು. ವ್ಯಾಜ್ಯ ಬೆಳೆದಷ್ಟೂ ವಕೀಲನಿಗೆ ಲಾಭವೆಂಬುದು ಲೋಕರೂಢಿ. ಪೈಗಳಾದರೋ ಉಭಯ ಪಕ್ಷದವರನ್ನೂ ಕುಳ್ಳಿರಿಸಿ ರಾಜಿ ಮಾಡಿಸುವುದರಲ್ಲಿಯೇ ಹೆಸರಾದರು.

ಅಜ್ಞಾನವೇ ದಾರಿದ್ರ್ಯದ ಬೇರೆಂದು ಬಗೆದ ಅವರು 1891ರಲ್ಲಿ ಕೆನರಾ ಹೈಸ್ಕೂಲನ್ನು ಸ್ಥಾಪಿಸಿದರು. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಲು ಮನೆಮನೆಯವರು ಹಿಂಜರಿಯುತ್ತಿದ್ದ ಆ ಕಾಲದಲ್ಲಿ, 1894ರಲ್ಲಿ, ಬಾಲಿಕೆಯರಿಗೂ ಒಂದು ಶಾಲೆಯನ್ನು ತೆರೆದರು.

ವಿದ್ಯೆಯೊಂದರಿಂದಲೇ ಸಾಲದ ಶೂಲ ತಪ್ಪುವಂತಿರಲಿಲ್ಲ. ಮದುವೆಗಾಗಲಿ, ಬೇಸಾಯಕ್ಕಾಗಲಿ ಹಣ ಬೇಕಾದಾಗ ಬಡವನು ಸಾಹುಕಾರನ ಬಾಗಿಲಿಗೇ ಹೋಗಬೇಕಾಗಿತ್ತು. ಬಡ್ಡಿ ಬೆಳೆದು ಗದ್ದೆ ಕೈಬಿಡುತ್ತಿತ್ತು. ಇದಕ್ಕೆ ಪರಿಹಾರವಾಗಿ 1906ನೆಯ ಜುಲೈ 1ರಂದು ಮಂಗಳೂರಿನಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಜನ್ಮ ತಾಳಿತು. ಉಳಿತಾಯದ ಅಭ್ಯಾಸ, ವಿದ್ಯಾಪ್ರಸಾರ, ಮೂಢನಂಬಿಕೆಯ ನಿವಾರಣೆ, ಅಗತ್ಯವಿದ್ದವರಿಗೆ ನೆರವು, ಸೇವಾಭಾವ ಇವೇ ಅದರ ಮೂಲತತ್ತ್ವಗಳು.

ಪರೀಕ್ಷೆಯ ಕಾಲ ದೂರವಿರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಮದರಾಸಿನ ಪ್ರಖ್ಯಾತ ಅರ್ಬುತ್ನಾಟ್ ಕಂಪೆನಿ ದಿವಾಳಿಯೆದ್ದಿತು; ಸಾವಿರಾರು ಕುಟುಂಬಗಳ ಗಳಿಕೆ ಕರಗಿತು. ಭವ್ಯ ಕಟ್ಟಡವೂ ದೊಡ್ಡ ಹೆಸರೂ ಠೇವಣಿಗೆ ಕಾವಲಲ್ಲವೆಂಬುದು ಜನರಿಗೆ ಮನವರಿಕೆಯಾಯಿತು. ಮಂಗಳೂರಿನ ಎಳೆಯ ಸಂಸ್ಥೆಗಾದರೋ ಶುದ್ಧ ಲೆಕ್ಕ ಮತ್ತು ನಡೆವಳಿಕೆಗಳೇ ಆಸ್ತಿ. ಅದು ಉಳಿಯಿತು.

ಬೆಳೆಯುವುದನ್ನು ಬಹುಕಾಲ ನೋಡುವ ಭಾಗ್ಯ ಪೈಗಳಿಗಿರಲಿಲ್ಲ. 1909ನೆಯ ಜುಲೈ 25ರಂದು, ಐವತ್ತಾರರ ಪ್ರಾಯದಲ್ಲಿ, ಅವರು ದೈವಾಧೀನರಾದರು. ಮರುವರ್ಷ, 1910ರಲ್ಲಿ, ಫಂಡ್ ಕೆನರಾ ಬ್ಯಾಂಕ್ ಲಿಮಿಟೆಡ್ ಎಂಬ ಹೆಸರನ್ನು ಪಡೆಯಿತು. ಆ ಬಳಿಕ ಒಡೆತನ ಬದಲಾಯಿತು. 1969ನೆಯ ಜುಲೈ 19ರಂದು ಭಾರತ ಸರಕಾರವು ರಾಷ್ಟ್ರೀಕರಿಸಿದ ಹದಿನಾಲ್ಕು ಬ್ಯಾಂಕುಗಳಲ್ಲಿ ಇದೂ ಸೇರಿ, ಪಾಲುದಾರರ ಸೊತ್ತು ರಾಷ್ಟ್ರದ ಸೊತ್ತಾಯಿತು. 2002ರಲ್ಲಿ ಷೇರುಗಳ ಒಂದಂಶ ಸಾರ್ವಜನಿಕರಿಗೆ ದೊರೆಯಿತಾದರೂ ಹೆಚ್ಚಿನ ಪಾಲು ಸರಕಾರದಲ್ಲಿಯೇ ಉಳಿಯಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ್ದ ಸಿಂಡಿಕೇಟ್ ಬ್ಯಾಂಕ್ 2020ನೆಯ ಏಪ್ರಿಲ್ 1ರಂದು ಇದರಲ್ಲಿ ಲೀನವಾಯಿತು.

ಒಡೆಯರು ಬದಲಾದರು, ಹೆಸರು ಬದಲಾಯಿತು, ನಮ್ಮ ಗಡಿಯೂ 1956ರಲ್ಲಿ ಬದಲಾಯಿತು. ಇಟ್ಟವನು ಕೇಳಿದಾಗ ಅವನ ಹಣವನ್ನು ಕಾಸು ಕೊರೆಯಿಲ್ಲದೆ ಒಪ್ಪಿಸಬೇಕೆಂಬ ಋಣ ಮಾತ್ರ ಬದಲಾಗಲಿಲ್ಲ. ದೇವಾಲಯದ ಜೀರ್ಣೋದ್ಧಾರಕ್ಕೆ ಊರವರು ಕೊಟ್ಟ ಪ್ರತಿಯೊಂದು ರೂಪಾಯಿಯೂ ಅಂತಹುದೇ ನ್ಯಾಸ. ಕಲ್ಲು ಮರಗಳ ಗುಡಿಯೊಡನೆ ಆ ನ್ಯಾಸಧರ್ಮವೂ ಜೀರ್ಣವಾಗದಂತೆ ಶ್ರೀ ದೇವರು ನಮಗೆಲ್ಲರಿಗೂ ಸನ್ಮತಿಯನ್ನು ಕರುಣಿಸಲಿ.